ಹಳೆಯ ಕಮಾನು ಗಾಡಿ: ಕೊಳ್ಳುವ ಮತ್ತು ಮರಳಿ ಕಟ್ಟುವ ಬಗೆ

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರಗಳ ನಡುವಣ ಸೀಮೆಯಲ್ಲಿ, ಹೊಯ್ಸಳರ ಕಾಲದ ಲಕ್ಷ್ಮೀಕಾಂತ ದೇಗುಲವಿರುವ ಹೆಡತಲೆಯಲ್ಲಿಯೂ ಅದರ ನೆರೆಹೊರೆಯ ಹಳ್ಳಿಗಳಲ್ಲಿಯೂ, ಊರೂರಿಗೆ ಬಸ್ಸು ಬರುವುದಕ್ಕೆ ಮೊದಲು ಸಂಸಾರ ಸಮೇತ ಪ್ರಯಾಣ ಹೊರಡುವವರಿಗೆ ಇದ್ದ ಆಸರೆಯೆಂದರೆ ಕಮಾನು ಗಾಡಿ. ಎರಡು ಗಾಲಿಯ ಎತ್ತಿನ ಗಾಡಿಯ ಮೇಲೆ ಬಿದಿರಿನ ದಬ್ಬೆಗಳನ್ನು ಅರ್ಧವೃತ್ತಕ್ಕೆ ಬಾಗಿಸಿ ಕಟ್ಟಿ, ಅದಕ್ಕೆ ಚಾಪೆ ಹೊದಿಸಿ, ಒಳಗೆ ಭತ್ತದ ಹುಲ್ಲು ಹಾಸಿ ಮೇಲೆ ಜಮಖಾನ ಹರಡಿದರೆ ಅದೇ ಹಗಲಿನ ಸವಾರಿ, ಅದೇ ಇರುಳಿನ ಮಲಗುವ ಕೋಣೆ. ಕಪಿಲೆಯ ದಡದ ಸುತ್ತೂರಿನಲ್ಲಿ ಪುಷ್ಯ ಮಾಸದಲ್ಲಿ ನಡೆಯುವ ಜಾತ್ರೆ, ತಲಕಾಡಿನ ಬಳಿಯ ಮುಡುಕುತೊರೆ ಮಲ್ಲಿಕಾರ್ಜುನನ ಜಾತ್ರೆ ಮತ್ತು ಅದರೊಂದಿಗೆ ಸೇರುವ ದನಗಳ ಪರಿಷೆ, ಫಾಲ್ಗುಣದಲ್ಲಿ ನಂಜುಂಡೇಶ್ವರನ ದೊಡ್ಡ ತೇರು, ವರ್ಷಗಳ ಅಂತರದಲ್ಲಿ ಒದಗುವ ತಲಕಾಡಿನ ಪಂಚಲಿಂಗ ದರ್ಶನ, ಇವೆಲ್ಲಕ್ಕೂ ಗಾಡಿ ಕಟ್ಟಿಕೊಂಡು ಹೋದವರು ಎತ್ತು ಬಿಚ್ಚಿ, ಮೂಕಿಗೆ ಊರೆಗೋಲು ಕೊಟ್ಟು, ಗಾಡಿಯ ಪಕ್ಕದಲ್ಲೇ ಮೂರು ಕಲ್ಲಿಟ್ಟು ಒಲೆ ಹೂಡಿ, ಹೆಂಗಸರು ಮಕ್ಕಳು ಕಮಾನಿನೊಳಗೂ ಗಂಡಸರು ಗಾಡಿಯ ಅಡಿಯಲ್ಲೂ ಮಲಗಿ ಜಾತ್ರೆ ಮುಗಿಸಿ ಬರುತ್ತಿದ್ದರು.

ಮನೆಯನ್ನೇ ಗಾಲಿಯ ಮೇಲೆ ಕೂರಿಸಿಕೊಂಡು ತಿರುಗುವ ಬಯಕೆ ಪಶ್ಚಿಮ ದೇಶಗಳಲ್ಲಿ ಬೇರೊಂದು ದಾರಿ ಹಿಡಿಯಿತು. 1885ರಲ್ಲಿ ವೈದ್ಯರೂ ಲೇಖಕರೂ ಆಗಿದ್ದ ವಿಲಿಯಂ ಗಾರ್ಡನ್ ಸ್ಟೇಬಲ್ಸ್ ಅವರು ಬ್ರಿಸ್ಟಲ್ಲಿನ ಗಾಡಿ ಕಾರ್ಖಾನೆಯಲ್ಲಿ ‘ವಾಂಡರರ್’ ಎಂಬ ಕುದುರೆ ಗಾಡಿಯನ್ನು ವಿಹಾರಕ್ಕೆಂದೇ ಕಟ್ಟಿಸಿದರು; ಅದನ್ನು ಇಂಗ್ಲೆಂಡಿನಲ್ಲಿ ಮನರಂಜನೆಯ ಮನೆಗಾಡಿಗಳಲ್ಲಿ ಮೊದಲನೆಯದೆಂದು ಎಣಿಸುತ್ತಾರೆ. 1930ರ ದಶಕದ ಅಮೆರಿಕದಲ್ಲಿ ಕಾರಿನ ಹಿಂದೆ ಕೊಕ್ಕೆ ಹಾಕಿ ಎಳೆಯುವ ಮನೆಗಾಡಿಗಳು, ಅಂದರೆ ಟ್ರಾವೆಲ್ ಟ್ರೈಲರುಗಳು, ಹೆಚ್ಚತೊಡಗಿದವು. ವಾಲಿ ಬಯಮ್ ಅವರ ‘ಏರ್‌ಸ್ಟ್ರೀಮ್’ ಕಂಪನಿಯ ಅಲ್ಯುಮಿನಿಯಂ ಹೊದಿಕೆಯ ಗಾಡಿಗಳು ಅವುಗಳಲ್ಲಿ ಹೆಸರಾದವು. ಅಂತಹ ಹಳೆಯ ಟ್ರೈಲರುಗಳನ್ನು ಅಗ್ಗಕ್ಕೆ ಕೊಂಡು, ಕೊಳೆತ ನೆಲಹಲಗೆ ತೆಗೆದು, ಸೋರುವ ಸೂರು ಮುಚ್ಚಿ, ಮತ್ತೆ ರಸ್ತೆಗಿಳಿಸುವುದು ಅಲ್ಲಿ ಈಗಲೂ ಹಲವರ ಹವ್ಯಾಸ.

ನಮ್ಮಲ್ಲಿ ಅದನ್ನೇ ಅನುಸರಿಸಹೊರಡುವವರಿಗೆ ಕಾನೂನಿನ ತೊಡಕು ಎದುರಾಗುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ಮೂಲದಲ್ಲಿ ನಿಗದಿಪಡಿಸಿದ ವಿವರಗಳಿಗೆ ಹೊಂದದ ಹಾಗೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಈ ಕಟ್ಟುಪಾಡನ್ನು ಎತ್ತಿಹಿಡಿಯಿತು. ಆದಕಾರಣ ಹಳೆಯ ವ್ಯಾನನ್ನು ಮನಬಂದಂತೆ ಮನೆಯಾಗಿಸುವುದು, ಕೈಯಾರೆ ಮಾಡಿದ ಟ್ರೈಲರನ್ನು ಜೀಪಿಗೆ ಸಿಕ್ಕಿಸಿಕೊಂಡು ಹೆದ್ದಾರಿಗೆ ಹೋಗುವುದು ಸುಲಭದ ಮಾತಲ್ಲ. ಎತ್ತಿನ ಗಾಡಿಯಾದರೋ ಯಂತ್ರಬಲದಿಂದ ಚಲಿಸುವ ವಾಹನವಲ್ಲವಾದ್ದರಿಂದ ಮೋಟಾರು ವಾಹನದ ನೋಂದಣಿ ಅದಕ್ಕಿಲ್ಲ. ಆದರೆ ಅದೇ ಗಾಡಿಯ ಮೂಕಿಯನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿದರೆ ಕಾನೂನಿನ ಕಣ್ಣಿಗೆ ಅದು ಟ್ರೈಲರ್ ಆಗುತ್ತದೆ, ನೋಂದಣಿಯ ಪ್ರಶ್ನೆ ಆಗ ಏಳುತ್ತದೆ. ಕೊಳ್ಳುವವರು ಈ ವ್ಯತ್ಯಾಸವನ್ನು ಮೊದಲೇ ತಿಳಿದಿರಬೇಕು.

ಇಂದು ಈ ಸೀಮೆಯಲ್ಲಿ ಹಳೆಯ ಗಾಡಿಗಳು ಸಿಗುವುದು ಹಿತ್ತಿಲ ಮೂಲೆಯಲ್ಲಿ, ಕಣದ ಬದಿಯ ಹುಣಸೆ ಮರದಡಿಯಲ್ಲಿ, ದನದ ಕೊಟ್ಟಿಗೆಯ ಹಿಂಬದಿಯಲ್ಲಿ. ಉಳುಮೆಗೂ ಸಾಗಣೆಗೂ ಟ್ರ್ಯಾಕ್ಟರ್ ಬಂದ ಮೇಲೆ ಎತ್ತು ಸಾಕುವ ಮನೆಗಳು ಕಡಿಮೆಯಾದವು, ಎತ್ತಿಲ್ಲದ ಮನೆಯಲ್ಲಿ ಗಾಡಿ ನಿಂತ ಜಾಗದಲ್ಲೇ ನಿಂತಿತು. ಹೀಗೆ ನಿಂತವುಗಳಲ್ಲಿ ಮೂರು ಬಗೆ. ಗೊಬ್ಬರ, ಭತ್ತ, ಕಬ್ಬು ಹೇರಲು ಬಳಸಿದ, ಕಬ್ಬಿಣದ ಪಟ್ಟಿ ಬಿಗಿದ ಮರದ ಗಾಲಿಯ ದೊಡ್ಡ ಗಾಡಿ ಮೊದಲನೆಯದು. ಜನರ ಓಡಾಟಕ್ಕೆಂದು ಹಗುರವಾಗಿ ಮಾಡಿಸಿದ, ಕೆಲವದರಲ್ಲಿ ಅಚ್ಚಿನ ಮೇಲೆ ಉಕ್ಕಿನ ಸ್ಪ್ರಿಂಗ್ ಪಟ್ಟಿಗಳೂ ಇರುವ ಸವಾರಿ ಗಾಡಿ ಎರಡನೆಯದು. ಮೋಟಾರು ವಾಹನದ ರಬ್ಬರ್ ಟೈರು ಮತ್ತು ಬೇರಿಂಗ್ ಅಳವಡಿಸಿದ, ಜನರು ಡನ್ಲಪ್ ಗಾಡಿ ಎಂದೇ ಕರೆಯುವ ಟೈರು ಗಾಡಿ ಮೂರನೆಯದು. ಸವಾರಿ ಗಾಡಿ ಅಪರೂಪ, ಸಿಕ್ಕರೂ ತುಟ್ಟಿ. ಟೈರು ಗಾಡಿ ಎತ್ತಿಗೆ ಹಗುರ, ರಿಪೇರಿಗೂ ಸುಲಭ. ಕೈಯಲ್ಲಿ ಹಣ ಕಡಿಮೆಯಿದ್ದು, ಗಾಡಿಯನ್ನು ನಿಜವಾಗಿ ಓಡಿಸುವ ಉದ್ದೇಶವಿರುವವರು ಟೈರು ಗಾಡಿಯನ್ನು ಕೀಳಾಗಿ ಕಾಣಬೇಕಾದ ಕಾರಣವೇನೂ ಇಲ್ಲ. ಆದರೂ ಹೆಚ್ಚಿನವರು ಹುಡುಕಿಕೊಂಡು ಬರುವುದು ಮರದ ಗಾಲಿಯ ಗಾಡಿಯನ್ನೇ. ಅದನ್ನು ಆರಿಸುವುದು ಕಷ್ಟವೂ ಹೌದಾದ್ದರಿಂದ ಇಲ್ಲಿ ಅದರ ವಿಚಾರವೇ ಮುಖ್ಯವಾಗುತ್ತದೆ.

ಗಾಡಿಯ ಬೆಲೆ ಇರುವುದು ಗಾಲಿಯಲ್ಲಿ. ನಡುವೆ ಅಚ್ಚು ಹಾಯಲು ತೂತು ಕೊರೆದ ದಪ್ಪ ಕೊರಡಿಗೆ ಗುಂಬ ಎನ್ನುತ್ತಾರೆ. ಅದರ ಸುತ್ತಲೂ ಕಿಂಡಿ ಕೊರೆದು ನೆಟ್ಟ ಕಡ್ಡಿಮರಗಳು ಆರೆಕಾಲುಗಳು. ಆರೆಕಾಲುಗಳ ಹೊರತುದಿಯನ್ನು ಹಿಡಿದಿರುವ ಬಾಗುಮರದ ತುಂಡುಗಳು ಒಂದಕ್ಕೊಂದು ಕೂಡಿ ಗಾಲಿಯ ಸುತ್ತು ಆಗುತ್ತವೆ. ಸಾಮಾನ್ಯವಾಗಿ ಒಂದು ಗಾಲಿಗೆ ಹನ್ನೆರಡು ಆರೆಕಾಲು, ಎರಡೆರಡು ಆರೆಕಾಲಿಗೆ ಒಂದರಂತೆ ಆರು ಬಾಗುಮರ. ಇವೆಲ್ಲವನ್ನೂ ಹೊರಗಿನಿಂದ ಬಿಗಿದು ಹಿಡಿಯುವುದು ಕಬ್ಬಿಣದ ಪಟ್ಟಿ. ಗಾಲಿಯಲ್ಲಿ ಮೊಳೆಯಿಲ್ಲ, ಅಂಟಿಲ್ಲ. ಮರ ಮರವನ್ನು ಒತ್ತುವ ಬಲದಿಂದಲೇ ಅದು ನಿಂತಿರುತ್ತದೆ. ಆದ್ದರಿಂದಲೇ ಅದನ್ನು ಪೂರ್ತಿ ಬಿಚ್ಚಿ, ಕೆಟ್ಟ ತುಂಡನ್ನಷ್ಟೇ ಬದಲಿಸಿ, ಮತ್ತೆ ಕಟ್ಟಬಹುದು. ಹಳೆಯ ಗಾಡಿಯನ್ನು ಕಡಿಮೆ ಹಣದಲ್ಲಿ ಸರಿಪಡಿಸಲು ಸಾಧ್ಯವಾಗುವುದು ಈ ಒಂದು ಗುಣದಿಂದ.

ಕೊಳ್ಳುವ ಮುನ್ನ ಗಾಡಿಯ ಒಂದು ಬದಿಗೆ ಗಟ್ಟಿ ಊರೆ ಕೊಟ್ಟು ಗಾಲಿಯನ್ನು ನೆಲದಿಂದ ಎತ್ತಿ ಕೈಯಲ್ಲಿ ತಿರುಗಿಸಬೇಕು. ತಿರುಗುವಾಗ ಗಾಲಿ ಅಡ್ಡಾಡಿದರೆ ಗುಂಬದ ತೂತು ಸವೆದಿದೆ ಅಥವಾ ಆರೆಕಾಲುಗಳು ಸಡಿಲಗೊಂಡಿವೆ ಎಂದು ತಿಳಿಯಬೇಕು. ಬಳಿಕ ಒಂದೊಂದೇ ಆರೆಕಾಲನ್ನು ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿ ಕಿವಿಗೊಡಬೇಕು. ಗಟ್ಟಿ ಮರ ಕಣಕಣನೆ ಉತ್ತರಿಸುತ್ತದೆ, ಒಳಗೆ ಲಡ್ಡಾದ ಮರ ಮಂಕಾಗಿ ಡಬ್ಬೆನ್ನುತ್ತದೆ. ಗುಂಬದ ಮುಖದ ಮೇಲೆ ಕಾಣುವ ಕೂದಲೆಳೆಯಂತಹ ಬಿರುಕುಗಳಿಗೆ ಹೆದರಬೇಕಾಗಿಲ್ಲ, ಬಿಸಿಲಿಗೆ ಒಣಗಿದ ಎಲ್ಲ ಮರದಲ್ಲಿಯೂ ಅವು ಇರುತ್ತವೆ. ಆದರೆ ಬಿರುಕು ಆರೆಕಾಲಿನ ಒಂದು ಕಿಂಡಿಯಿಂದ ಇನ್ನೊಂದು ಕಿಂಡಿಗೆ ಹಾಯ್ದಿದ್ದರೆ ಆ ಗುಂಬ ಮುಗಿದಂತೆಯೇ. ಆರೆಕಾಲೊಂದು ಮುರಿದರೆ ಬದಲಿಸುವುದು ಸಣ್ಣ ಕೆಲಸ, ಗುಂಬ ಸೀಳಿದರೆ ಹೊಸ ಗಾಲಿಯನ್ನೇ ಮಾಡಿಸಿದಷ್ಟು ಖರ್ಚು. ಮಾರುವವರು ಬಿರುಕಿಗೆ ಮರದ ಹೊಟ್ಟು ಮತ್ತು ಅಂಟು ತುಂಬಿ ಬಣ್ಣ ಬಳಿದಿರುವುದುಂಟು. ಹೊಸದಾಗಿ ಬಣ್ಣ ಕಂಡ ಹಳೆಯ ಗಾಡಿಗಿಂತ ಬಣ್ಣವಿಲ್ಲದೆ ಬೂದುಗಟ್ಟಿದ ಗಾಡಿಯನ್ನು ನೋಡಿ ಕೊಳ್ಳುವುದು ಹೆಚ್ಚು ಕ್ಷೇಮ.

ಎರಡನೆಯದಾಗಿ ನೋಡಬೇಕಾದದ್ದು ಹುಳು. ಗೆದ್ದಲು ನೆಲದಿಂದ ಮಣ್ಣಿನ ಹಾದಿ ಕಟ್ಟಿಕೊಂಡು ಬರುತ್ತದಾದ್ದರಿಂದ ವರ್ಷಗಟ್ಟಲೆ ಒಂದೇ ಕಡೆ ನಿಂತ ಗಾಲಿಯ ಕೆಳಭಾಗವನ್ನು ಅದು ತಿಂದಿರುತ್ತದೆ. ಗಾಡಿಯನ್ನು ಅರ್ಧ ಸುತ್ತು ಮುಂದಕ್ಕೆ ತಳ್ಳಿ, ನೆಲಕ್ಕೆ ತಾಗಿದ್ದ ಭಾಗವನ್ನು ಮೇಲಕ್ಕೆ ತಂದು ಪರೀಕ್ಷಿಸದೆ ಮಾತು ಮುಗಿಸಬಾರದು. ಸೂಜಿಮೊನೆಯಷ್ಟು ತೂತುಗಳಿಂದ ಹಿಟ್ಟಿನಂತಹ ಪುಡಿ ಉದುರುತ್ತಿದ್ದರೆ ಅದು ಕುಟ್ಟೆ ಹುಳುವಿನ ಕೆಲಸ. ತೂತು ಹಳೆಯದಾಗಿ ಕಪ್ಪಿಟ್ಟು ಪುಡಿ ನಿಂತಿದ್ದರೆ ಚಿಂತೆಯಿಲ್ಲ, ಬಿಳಿಯ ಹೊಸ ಪುಡಿ ಉದುರುತ್ತಿದ್ದರೆ ಹುಳು ಒಳಗೆ ಜೀವಂತವಾಗಿದೆ. ಮೂಕಿಯ ವಿಚಾರದಲ್ಲಿ, ಅಂದರೆ ಗಾಡಿಯ ಮೈಯಿಂದ ಹೊರಟು ನೊಗವನ್ನು ಮುಟ್ಟುವ ಉದ್ದನೆಯ ಮರದ ವಿಚಾರದಲ್ಲಿ, ನೊಗ ಕಟ್ಟುವ ತುದಿಯನ್ನೂ ಅಚ್ಚಿನ ಮೇಲೆ ಕೂರುವ ಜಾಗವನ್ನೂ ಚೂಪಾದ ಉಳಿಯಿಂದ ಚುಚ್ಚಿ ನೋಡಬೇಕು. ನೀರು ನಿಲ್ಲುವುದು, ಮರ ಕೊಳೆಯುವುದು ಈ ಎರಡು ಕಡೆ. ಕಮಾನು, ಚಾಪೆ, ಪಕ್ಕದ ಗೂಟ, ನೆಲದ ಹಲಗೆ, ಇವು ಹಾಳಾಗಿದ್ದರೆ ಅದನ್ನೇ ಮುಂದಿಟ್ಟು ಬೆಲೆ ಇಳಿಸಬಹುದು. ಇವೆಲ್ಲವೂ ಹೇಗಿದ್ದರೂ ಬದಲಾಗಬೇಕಾದವು.

ಹಣದ ಲೆಕ್ಕಾಚಾರದಲ್ಲಿ ಹೆಚ್ಚಿನವರು ಎಡವುವುದು ಕೊಳ್ಳುವ ದಿನವೇ. ಇರುವ ಹಣವನ್ನು ಮೂರು ಪಾಲು ಮಾಡಿ, ಒಂದು ಪಾಲಿಗಿಂತ ಹೆಚ್ಚನ್ನು ಗಾಡಿಯ ಬೆಲೆಗೆ ಕೊಡದೆ, ಉಳಿದ ಎರಡರಲ್ಲಿ ದೊಡ್ಡ ಭಾಗವನ್ನು ಗಾಲಿ ಮತ್ತು ಅಚ್ಚಿಗೆ ಮೀಸಲಿಟ್ಟು, ಕಮಾನು ಬಣ್ಣಗಳಿಗೆ ಕೊನೆಗೆ ಮಿಕ್ಕದ್ದನ್ನು ಬಳಸುವುದು ವಿವೇಕದ ಹಾದಿ. ಒಳ್ಳೆಯ ಗಾಲಿ ಮತ್ತು ಹರಕು ಮೈಯ ಗಾಡಿಯೊಂದನ್ನು, ಒಳ್ಳೆಯ ಮೈ ಮತ್ತು ಮುರಿದ ಗಾಲಿಯ ಗಾಡಿಯೊಂದಕ್ಕೆ ಹೋಲಿಸಿ ಆರಿಸಬೇಕಾಗಿ ಬಂದರೆ ಮೊದಲನೆಯದನ್ನೇ ಕಣ್ಣುಮುಚ್ಚಿ ಕೊಳ್ಳಬಹುದು. ಮಾರುವ ಮನೆಯವರೊಂದಿಗೆ ಚೌಕಾಸಿ ಮಾಡುವಾಗಲೂ ಒಂದು ಮಾತು ನೆನಪಿರಬೇಕು. ಗಾಡಿ ಮಾರುವ ಮನೆ ಎಷ್ಟೋ ವೇಳೆ ಎತ್ತುಗಳನ್ನು ಮೊದಲೇ ಮಾರಿಕೊಂಡ ಮನೆಯಾಗಿರುತ್ತದೆ. ಸೌದೆಯ ಬೆಲೆಗೆ ಗಾಡಿಯನ್ನು ಕಿತ್ತುಕೊಂಡು ಬಂದು ಪಟ್ಟಣದಲ್ಲಿ ಅದರ ಹಲವು ಪಟ್ಟು ಬೆಲೆಗೆ ಮಾರುವ ವ್ಯಾಪಾರ ನ್ಯಾಯವಾದದ್ದಲ್ಲ. ನೊಗ, ಕಡೆಗೀಲು, ಊರೆಗೋಲು, ಎತ್ತಿನ ಕೊರಳಿನ ಗಂಟೆಸರ, ಇವು ಗಾಡಿಯ ಜೊತೆಗೇ ಇರುವ ಸಾಮಾನುಗಳಾದ್ದರಿಂದ ಅವನ್ನೂ ಕೇಳಿ ಬೆಲೆ ಕಟ್ಟಿ ಕೊಳ್ಳುವುದು ಇಬ್ಬರಿಗೂ ಒಳ್ಳೆಯದು.

ಹೊಸ ಮರದ ಆಯ್ಕೆ ಬಡಗಿಗೆ ಬಿಟ್ಟದ್ದು, ಆದರೆ ಕೊಳ್ಳುವವರಿಗೂ ಒಂದಿಷ್ಟು ತಿಳಿದಿದ್ದರೆ ಮೋಸಹೋಗುವ ಸಂಭವ ಕಡಿಮೆ. ಬದುಗಳ ಮೇಲೆ ತಾನಾಗಿ ಬೆಳೆಯುವ, ಈ ಕಡೆ ಗೊಬ್ಬಳಿ ಎಂದೂ ಕರೆಯುವ ಕರಿಜಾಲಿಯ ಮರ ಪೆಟ್ಟು ತಡೆಯುವುದರಲ್ಲಿ ಬಹಳ ಗಟ್ಟಿಯಾದದ್ದು. ಗುಂಬಕ್ಕೂ ಬಾಗುಮರಕ್ಕೂ ಆರೆಕಾಲಿಗೂ ಅದು ಒದಗುತ್ತದೆ. ಬಳುಕಿಯೂ ಮುರಿಯದ ದಿಂಡಿಗದ ಮರ ಅಚ್ಚಿಗೂ ಮೂಕಿಗೂ ಹೆಸರಾದದ್ದು. ತೇಗ ಹಗುರವೂ ನೀರಿಗೆ ಜಗ್ಗದ್ದೂ ಆದರೂ ಗಾಲಿಗೆ ಅದು ತಕ್ಕದ್ದಲ್ಲ, ನೆಲದ ಹಲಗೆಗೆ ಒಳ್ಳೆಯದು. ತೇಗ, ಬೀಟೆಯಂತಹ ಮರಗಳನ್ನು ಸಾಗಿಸಲು ಅರಣ್ಯ ಇಲಾಖೆಯ ರಹದಾರಿ ಬೇಕಾಗುವುದರಿಂದ, ಕೆಡವಿದ ಹಳೆಯ ಮನೆಗಳ ತೊಲೆ ಜಂತೆಗಳನ್ನು ಮಾರುವ ಅಂಗಡಿಗಳಲ್ಲಿ ರಶೀದಿಯೊಡನೆ ಕೊಳ್ಳುವುದು ಅಗ್ಗವೂ ನಿಶ್ಚಿಂತೆಯೂ ಆದ ದಾರಿ. ಹತ್ತಾರು ವರ್ಷ ಒಣಗಿ ನಿಂತ ಆ ಮರ ಮುಂದೆ ಸೊಟ್ಟಗಾಗುವುದೂ ಇಲ್ಲ. ಹಸಿ ಮರದಲ್ಲಿ ಮಾಡಿದ ಆರೆಕಾಲು ಒಂದು ಬೇಸಿಗೆ ಕಳೆಯುವುದರೊಳಗೆ ಕುಗ್ಗಿ ಕಿಂಡಿಯಲ್ಲಿ ಅಲ್ಲಾಡತೊಡಗುತ್ತದೆ.

ಗಾಲಿಗೆ ಪಟ್ಟಿ ಏರಿಸುವ ಕೆಲಸ ಇಡೀ ದುರಸ್ತಿಯಲ್ಲಿ ಅತ್ಯಂತ ನಾಜೂಕಿನದು, ಬಡಗಿ ಮತ್ತು ಕಮ್ಮಾರ ಇಬ್ಬರೂ ಕೂಡಿ ಮಾಡಬೇಕಾದದ್ದು. ಬಡಗಿ ಆರೆಕಾಲುಗಳನ್ನೂ ಬಾಗುಮರಗಳನ್ನೂ ಕೂಡಿಸಿದ ಮೇಲೆ, ಬಾಗುಮರಗಳ ಸಂದುಗಳಲ್ಲಿ ಎಳೆಯಷ್ಟು ಬಿಡುವು ಉಳಿಸುತ್ತಾನೆ. ಕಮ್ಮಾರ ಗಾಲಿಯ ಹೊರಸುತ್ತಿಗೆ ದಾರ ಸುತ್ತಿ ಅಳೆದು, ಆ ಅಳತೆಗಿಂತ ತುಸು ಕಿರಿದಾಗುವಂತೆ ಪಟ್ಟಿಯನ್ನು ಬಾಗಿಸಿ ತುದಿಗಳನ್ನು ಬೆಸೆಯುತ್ತಾನೆ. ತಣ್ಣಗಿರುವಾಗ ಆ ಬಳೆ ಗಾಲಿಯ ಮೇಲೆ ಕೂರುವುದೇ ಇಲ್ಲ. ಬಯಲಿನಲ್ಲಿ ಬೆರಣಿಗಳನ್ನು ಸುತ್ತಲೂ ಜೋಡಿಸಿ ಬೆಂಕಿ ಹಾಕಿ ಪಟ್ಟಿಯನ್ನು ಕೆಂಪಗೆ ಕಾಯಿಸಿದಾಗ ಕಬ್ಬಿಣ ಹಿಗ್ಗುತ್ತದೆ. ಐದಡಿ ಅಡ್ಡಳತೆಯ ಗಾಲಿಯ ಸುತ್ತಳತೆ ಸುಮಾರು 4.8 ಮೀಟರ್, ಕಬ್ಬಿಣ ಒಂದು ಡಿಗ್ರಿ ಶಾಖಕ್ಕೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 12 ಪಾಲಿನಷ್ಟು ಹಿಗ್ಗುವುದರಿಂದ, 600 ಡಿಗ್ರಿ ಶಾಖ ಏರಿದಾಗ ಪಟ್ಟಿಯ ಸುತ್ತಳತೆ ಮೂರೂವರೆ ಸೆಂಟಿಮೀಟರಿನಷ್ಟು ಹೆಚ್ಚುತ್ತದೆ. ಅಷ್ಟು ಬಿಡುವಿನಲ್ಲಿ ಮೂರು ನಾಲ್ಕು ಜನ ಇಕ್ಕಳಗಳಲ್ಲಿ ಪಟ್ಟಿಯನ್ನು ಎತ್ತಿ, ನೆಲದ ಮೇಲೆ ಮಲಗಿಸಿದ ಗಾಲಿಯ ಸುತ್ತಲೂ ಇಳಿಸಿ, ಸುತ್ತಿಗೆಯಿಂದ ಬಡಿದು ಸಮ ಮಾಡಬೇಕು. ಮರಕ್ಕೆ ಬೆಂಕಿ ಹತ್ತಿಕೊಳ್ಳುತ್ತದೆ, ಹೊಗೆ ಏಳುತ್ತದೆ. ತಕ್ಷಣ ಕೊಡಗಟ್ಟಲೆ ನೀರು ಸುರಿಯಬೇಕು. ತಣ್ಣಗಾದ ಕಬ್ಬಿಣ ಕುಗ್ಗುತ್ತಾ ಬಾಗುಮರಗಳನ್ನು ಒಂದಕ್ಕೊಂದು ಒತ್ತಿ, ಅವು ಆರೆಕಾಲುಗಳನ್ನು ಗುಂಬದೊಳಕ್ಕೆ ಒತ್ತಿ, ಬಡಗಿ ಬಿಟ್ಟಿದ್ದ ಸಂದುಗಳೆಲ್ಲ ಟಕಟಕ ಸದ್ದಿನೊಡನೆ ಮುಚ್ಚಿಕೊಳ್ಳುತ್ತವೆ. ಪಟ್ಟಿ ಬೇಕಾದದ್ದಕ್ಕಿಂತ ಕಿರಿದಾಗಿದ್ದರೆ ಆರೆಕಾಲು ಬಾಗಿ ಗಾಲಿ ಬಟ್ಟಲಾಗುತ್ತದೆ, ಹಿರಿದಾಗಿದ್ದರೆ ವರ್ಷದೊಳಗೆ ಕಳಚಿ ಬೀಳುತ್ತದೆ. ಈ ಅಂದಾಜು ಪುಸ್ತಕದಿಂದ ಬರುವುದಲ್ಲ. ಹಾಗಾಗಿ ಒಮ್ಮೆಯಾದರೂ ಗಾಲಿ ಕಟ್ಟಿ ಗೊತ್ತಿರುವ ಹಿರಿಯ ಆಚಾರಿಯನ್ನು ಹುಡುಕಿಕೊಂಡು ಹೋಗುವುದು, ಕೂಲಿಗೆ ಜಿಪುಣತನ ಮಾಡದಿರುವುದು, ಸಾಧ್ಯವಾದರೆ ಆ ದಿನ ಎಳೆಯ ಬಡಗಿಯೊಬ್ಬನನ್ನು ಜೊತೆಗೆ ನಿಲ್ಲಿಸುವುದು ಅಗತ್ಯ. ಕೆಲಸ ಕಡಿಮೆಯಾಗಿ ಈ ಕೈಗಳು ಹಳ್ಳಿಗಳಲ್ಲಿ ವಿರಳವಾಗುತ್ತಿವೆ.

ಇಲ್ಲಿ ಹಣ ಉಳಿಸುವ ಒಂದು ದಾರಿಯೂ ಇದೆ. ಪಟ್ಟಿ ಸಡಿಲಗೊಂಡ ಮಾತ್ರಕ್ಕೆ ಹೊಸ ಕಬ್ಬಿಣ ಕೊಳ್ಳಬೇಕಾಗಿಲ್ಲ. ಹಳೆಯ ಪಟ್ಟಿ ತೀರ ತೆಳುವಾಗಿ ಸವೆದಿರದಿದ್ದರೆ ಅದನ್ನೇ ಒಂದು ಕಡೆ ಕತ್ತರಿಸಿ, ಬೇಕಾದಷ್ಟು ಚಿಕ್ಕದು ಮಾಡಿ, ಮತ್ತೆ ಬೆಸೆದು ಏರಿಸಬಹುದು. ಬೇಸಿಗೆಯಲ್ಲಿ ಮರ ಒಣಗಿ ಕುಗ್ಗಿದ್ದರಿಂದ ಮಾತ್ರ ಪಟ್ಟಿ ಸಡಿಲವಾಗಿದ್ದರೆ ಗಾಲಿಗಳನ್ನು ಕಳಚಿ ಕೆರೆಯ ನೀರಿನಲ್ಲಿ ಕೆಲವು ದಿನ ಮುಳುಗಿಸಿಡುವುದು ಹಳೆಯ ರೂಢಿ, ಮರ ನೀರು ಕುಡಿದು ಉಬ್ಬಿ ಬಿಗಿಯುತ್ತದೆ. ಆದರೆ ಅದು ಆ ಕಾಲಕ್ಕಾದ ಉಪಾಯ ಮಾತ್ರ. ಮಾರಾಟಕ್ಕೆ ಮುನ್ನ ಗಾಲಿಯನ್ನು ನೆನೆಸಿ ಗಟ್ಟಿಯಾಗಿ ತೋರಿಸುವವರೂ ಇರುವುದರಿಂದ, ಸಾಧ್ಯವಾದರೆ ಗಾಡಿಯನ್ನು ಕಡುಬೇಸಿಗೆಯಲ್ಲಿ ನೋಡಿ ಕೊಳ್ಳಬೇಕು. ಮಳೆಗಾಲದಲ್ಲಿ ಎಲ್ಲ ಗಾಲಿಯೂ ಬಿಗಿಯಾಗಿಯೇ ಕಾಣುತ್ತದೆ.

ಗುಂಬದ ಒಳಗೆ ಅಚ್ಚು ಹಾಯುವ ಜಾಗದಲ್ಲಿ ಎರಕದ ಕಬ್ಬಿಣದ ಬುಷ್, ಅಂದರೆ ಒಳಬಳೆ, ಇರುತ್ತದೆ. ಅದು ಸವೆದು ಅಂಡಾಕಾರವಾಗಿದ್ದರೆ ಲೇತ್ ಯಂತ್ರವಿರುವ ಯಾವುದೇ ಕಾರ್ಯಾಗಾರದಲ್ಲಿ ಹೊಸದನ್ನು ಕಡೆಸಬಹುದು, ದೊಡ್ಡ ಖರ್ಚಲ್ಲ. ಹಳೆಯ ಕಾಲದಲ್ಲಿ ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿ ಮಾಡಿದ ಕೀಲೆಣ್ಣೆಯನ್ನು ಬಿದಿರಿನ ಗೊಟ್ಟದಲ್ಲಿ ತುಂಬಿ ಗಾಡಿಗೇ ಕಟ್ಟಿರುತ್ತಿದ್ದರು. ಈಗ ಗ್ರೀಸು ಸಾಕು. ಗಾಲಿ ಹೊರಗೆ ಸರಿಯದಂತೆ ಅಚ್ಚಿನ ತುದಿಯ ತೂತಿಗೆ ತೂರಿಸುವ ಕಡೆಗೀಲು ಗಾಡಿಯಲ್ಲಿ ಅತಿ ಚಿಕ್ಕ ಸಾಮಾನು. ಸವೆದ ಕೀಲಿನ ಬದಲು ತಂತಿಯನ್ನೋ ಮೊಳೆಯನ್ನೋ ತೂರಿಸಿ ಓಡಿಸುವುದು ಪ್ರಾಣಕ್ಕೇ ಎರವಾಗಬಲ್ಲದು, ಹೊಸ ಉಕ್ಕಿನ ಕೀಲನ್ನು ತೂತಿನ ಅಳತೆಗೆ ಸರಿಯಾಗಿ ಬಡಿಸಿಟ್ಟುಕೊಂಡು, ಒಂದು ಹೆಚ್ಚಿನದನ್ನು ಗಾಡಿಯಲ್ಲಿ ಸದಾ ಇರಿಸಬೇಕು.

ಗಾಡಿಯನ್ನು ಮತ್ತೆ ಕಟ್ಟುವಾಗ ತೂಕದ ಹಂಚಿಕೆಯನ್ನು ಮರೆಯುವಂತಿಲ್ಲ. ಎರಡೇ ಗಾಲಿಯ ಮೇಲೆ ನಿಂತ ಗಾಡಿ ತಕ್ಕಡಿಯಂತೆ ಅಚ್ಚಿನ ಮೇಲೆ ತೂಗುತ್ತದೆ. ಹಿಂಭಾರವಾದರೆ ಮೂಕಿ ಮೇಲೆದ್ದು, ನೊಗದ ಹಗ್ಗ ಎತ್ತುಗಳ ಗಂಟಲನ್ನು ಒತ್ತುತ್ತದೆ. ಮುಂಭಾರವಾದರೆ ನೊಗ ಹೆಗಲನ್ನು ಜಜ್ಜುತ್ತದೆ. ಸ್ವಲ್ಪವೇ ಮುಂಭಾರವಿರುವಂತೆ ಹೇರುವುದು ಬಲ್ಲ ಗಾಡಿಗಾರರ ಪದ್ಧತಿ. ಅಮೆರಿಕದ ಟ್ರಾವೆಲ್ ಟ್ರೈಲರುಗಳಿಗೂ ಇದೇ ನಿಯಮ ಅನ್ವಯಿಸುತ್ತದೆ: ಒಟ್ಟು ತೂಕದ ಶೇಕಡಾ 10ರಿಂದ 15ರಷ್ಟು ಕಾರಿನ ಕೊಕ್ಕೆಯ ಮೇಲೆ ಕೂರಬೇಕು, ಇಲ್ಲದಿದ್ದರೆ ಟ್ರೈಲರು ಬಾಲ ಬೀಸಿದ ಹಾಗೆ ಅಡ್ಡಾಡುತ್ತದೆ ಎಂದು ಅಲ್ಲಿ ಹೇಳುತ್ತಾರೆ. ಎತ್ತಿನ ಹೆಗಲು ಉಕ್ಕಿನ ಕೊಕ್ಕೆಯಲ್ಲವಾದ್ದರಿಂದ ಇಲ್ಲಿ ಇನ್ನೂ ಕಡಿಮೆ ಭಾರ ಸಾಕು. ಬೆಂಗಳೂರಿನ ಐಐಎಂನ ಮೊದಲ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿ ಅವರು ಎತ್ತಿನ ಗಾಡಿಯ ಸುಧಾರಣೆಗೆ ದಶಕಗಳ ಕಾಲ ದುಡಿದವರು. ನೊಗದ ಒರಟು ಮರ ಹೆಗಲನ್ನು ಹುಣ್ಣಾಗಿಸುವುದು, ಬೇರಿಂಗ್ ಇಲ್ಲದ ಗಾಲಿ ಎತ್ತಿನ ಶಕ್ತಿಯನ್ನು ವ್ಯರ್ಥ ಮಾಡುವುದು ಅವರು ಮತ್ತೆ ಮತ್ತೆ ಎತ್ತಿದ ಪ್ರಶ್ನೆಗಳು. ಹಳೆಯ ಗಾಡಿಯ ಅಂದವನ್ನು ಕಾಪಾಡಬೇಕೆಂಬವರು ಕೂಡ ಹೊರಗೆ ಕಾಣದಂತೆ ಗುಂಬದೊಳಗೆ ಬೇರಿಂಗ್ ಕೂರಿಸಿ, ನೊಗದ ಅಡಿಯನ್ನು ಉಜ್ಜಿ ನುಣುಪು ಮಾಡಿ, ಮೆತ್ತೆ ಹೊಲಿಸಿ ಕಟ್ಟಿದರೆ ತಪ್ಪೇನಿಲ್ಲ. ಪ್ರಾಣಿಯ ನೋವಿನ ಮುಂದೆ ಮೂಲರೂಪದ ಹಟ ದೊಡ್ಡದಲ್ಲ.

ಕಮಾನಿಗೆ ಬಿದಿರು ಬೇಕು. ಬೆಳೆದು ಗಟ್ಟಿಯಾದ ಬಿದಿರನ್ನು ಮಳೆಗಾಲ ಕಳೆದ ಮೇಲೆ ಕಡಿಯಬೇಕು; ಅಮಾವಾಸ್ಯೆಯ ಕಡೆಯ ದಿನಗಳಲ್ಲಿ ಕಡಿದ ಬಿದಿರಿಗೆ ಹುಳು ಬೀಳದೆಂಬ ನಂಬಿಕೆಯೂ ಉಂಟು. ಹುಳುವನ್ನು ಸೆಳೆಯುವುದು ಬಿದಿರಿನೊಳಗಿನ ಪಿಷ್ಟ, ಅದನ್ನು ಕಳೆಯಲು ಕಡಿದ ಬಿದಿರನ್ನು ಹರಿಯುವ ನೀರಿನಲ್ಲೋ ಕೆರೆಯಲ್ಲೋ ಎರಡು ಮೂರು ವಾರ ನೆನೆಹಾಕಿ ನೆರಳಿನಲ್ಲಿ ಒಣಗಿಸುವುದು ನಂಬಬಹುದಾದ ಉಪಾಯ. ಸೀಳಿದ ದಬ್ಬೆಯನ್ನು ಮತ್ತೆ ತೇವ ಮಾಡಿ, ಬೆಂಕಿಯ ಕಾವು ತೋರಿಸುತ್ತಾ ನಿಧಾನವಾಗಿ ಬಾಗಿಸಿ, ಎರಡು ತುದಿಗಳನ್ನು ಗಾಡಿಯ ಪಕ್ಕದ ಗೂಟಗಳಿಗೆ ಕಟ್ಟಿದರೆ ಒಂದು ಕಮಾನು. ಹೀಗೆ ಐದಾರು ಕಮಾನುಗಳನ್ನು ನಿಲ್ಲಿಸಿ, ಉದ್ದಕ್ಕೆ ತೆಳು ದಬ್ಬೆಗಳನ್ನು ಓಡಿಸಿ, ಸಂದಿ ಸಂದಿಗೂ ನಾರಿನ ಹುರಿ ಬಿಗಿಯಬೇಕು. ಒಳಮೈಗೆ ಈಚಲು ಚಾಪೆ ಅಥವಾ ಬಿದಿರಿನ ತಟ್ಟಿ, ಹೊರಮೈಗೆ ದಪ್ಪ ಕ್ಯಾನ್ವಾಸು ಹೊದಿಸಿದರೆ ಬಿಸಿಲು ಮಳೆ ಎರಡನ್ನೂ ತಡೆಯುತ್ತವೆ. ಪ್ಲಾಸ್ಟಿಕ್ ಟಾರ್ಪಾಲು ಅಗ್ಗವೇನೋ ಹೌದು, ಆದರೆ ಬಿಸಿಲಿಗೆ ಒಳಗೆ ಬೇಗೆ ಹೆಚ್ಚುತ್ತದೆ, ಕೆಲವು ತಿಂಗಳಲ್ಲಿ ಹರಿದು ಚಿಂದಿಯಾಗುತ್ತದೆ. ಒಳಗೆ ಹಾಸಲು ಫೋಮ್ ಹಾಸಿಗೆಗಿಂತ ಹುಲ್ಲೇ ಮೇಲು: ಕುಲುಕಾಟ ಹೀರುತ್ತದೆ, ಗಾಳಿಯಾಡುತ್ತದೆ, ಊರು ತಲುಪಿದ ಮೇಲೆ ಎತ್ತಿಗೆ ಮೇವೂ ಆಗುತ್ತದೆ. ಗಾಡಿಯ ಅಡಿಗೆ ಹಗ್ಗದ ಬಲೆಯೊಂದನ್ನು ತೂಗುಹಾಕಿದರೆ ಪಾತ್ರೆ, ಮೇವು, ಹಗ್ಗ ಎಲ್ಲಕ್ಕೂ ಜಾಗ ಸಿಗುತ್ತದೆ. ಬಹಳ ಜನ ಇದನ್ನು ಮರೆತು ಒಳಗಿನ ಮಲಗುವ ಜಾಗವನ್ನು ಸಾಮಾನಿನಿಂದ ತುಂಬುತ್ತಾರೆ.

ಬಣ್ಣದ ವಿಷಯದಲ್ಲಿ ಒಂದು ಎಚ್ಚರಿಕೆ ಅವಶ್ಯ. ಹಳೆಯ ಬಣ್ಣಗಳಲ್ಲಿ ಸೀಸ ಹೆಚ್ಚಾಗಿ ಇರುತ್ತಿತ್ತು. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಪಾಲನ್ನು ಮೀರಬಾರದೆಂಬ ನಿಯಮ ಬಂದದ್ದೇ 2016ರಲ್ಲಿ. ಆದುದರಿಂದ ಹಳೆಯ ಗಾಡಿಯ ಬಣ್ಣವನ್ನು ಒಣದಾಗಿ ಉಜ್ಜಿ ಧೂಳೆಬ್ಬಿಸದೆ, ನೀರು ಚಿಮುಕಿಸಿ ತೇವದಲ್ಲಿ ಕೆರೆದು, ಮೂಗುಬಾಯಿಗೆ ಬಟ್ಟೆ ಕಟ್ಟಿಕೊಂಡು, ಬಿದ್ದದ್ದನ್ನು ದನಕರು ನೆಕ್ಕದಂತೆ ಗುಡಿಸಿ ತೆಗೆಯಬೇಕು. ಕೆರೆದ ಮರ ಸುಂದರವಾಗಿಯೇ ಕಂಡರೆ ಬಣ್ಣವೇ ಬೇಡ; ಕಾಯಿಸಿದ ಅಗಸೆ ಎಣ್ಣೆಯನ್ನು ತೆಳುವಾಗಿ ಎರಡು ಮೂರು ಸಲ ತಿಕ್ಕಿದರೆ ಸಾಕು, ಹುಳು ಬಿದ್ದ ಕಡೆ ಮೊದಲು ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ನೀರನ್ನು ಕುಡಿಸಿ ಒಣಗಿಸಿರಬೇಕು. ಹೊಳೆಯುವ ವಾರ್ನಿಷ್ ಬಳಿದು, ಗಾಲಿಗಳನ್ನು ಸಿಮೆಂಟಿನಲ್ಲಿ ಹೂತು, ಹೋಟೆಲಿನ ಬಾಗಿಲಲ್ಲಿ ನಿಲ್ಲಿಸುವ ಗಾಡಿಗಳು ಈಚೆಗೆ ಮೈಸೂರು ಬೆಂಗಳೂರು ಹೆದ್ದಾರಿಯುದ್ದಕ್ಕೂ ಕಾಣುತ್ತವೆ. ಸಿಮೆಂಟು ತೇವ ಹಿಡಿದು ಗಾಲಿಯ ಕೆಳಭಾಗ ಬೇಗ ಕೊಳೆಯುತ್ತದೆ. ತಿರುಗದ ಗಾಲಿಯನ್ನು ಸರಿಪಡಿಸಲು ಯಾರೂ ಆಚಾರಿಯನ್ನು ಕರೆಯುವುದಿಲ್ಲ. ಓಡಾಡುವ ಗಾಡಿಯಿಂದ ಮಾತ್ರ ಬಡಗಿಗೂ ಕಮ್ಮಾರನಿಗೂ ಲಾಳ ಕಟ್ಟುವವನಿಗೂ ಕೆಲಸ ಉಳಿಯುತ್ತದೆ.

ಗಾಡಿ ಕೊಂಡವರೆಲ್ಲ ಎತ್ತು ಕೊಳ್ಳಬೇಕಾಗಿಲ್ಲ. ಸುತ್ತೂರು, ಮುಡುಕುತೊರೆಗಳ ದನಗಳ ಜಾತ್ರೆಗೆ ಹಳ್ಳಿಕಾರ್ ತಳಿಯ ಜೋಡಿಗಳನ್ನು ಕರೆತರುವ ರೈತರು ಈ ಸೀಮೆಯಲ್ಲಿ ಇನ್ನೂ ಇದ್ದಾರೆ. ಅಂತಹವರನ್ನೇ ಎತ್ತು ಸಮೇತ ದಿನದ ಬಾಡಿಗೆಗೆ ಒಪ್ಪಿಸಿಕೊಂಡು, ಗಾಡಿ ಹೊಡೆಯುವುದನ್ನೂ ಅವರಿಗೇ ಬಿಡುವುದು ಸರಿಯಾದ ಕ್ರಮ. ಹೊಲದ ಮಣ್ಣಿನಲ್ಲಿ ನಡೆದ ಎತ್ತು ಡಾಂಬರು ರಸ್ತೆಗೆ ಬರುವ ಮುನ್ನ ಲಾಳ ಕಟ್ಟಿಸಿರಬೇಕು. ಎತ್ತಿನ ಗೊರಸು ಎರಡಾಗಿ ಸೀಳಿರುವುದರಿಂದ ಒಂದು ಕಾಲಿಗೆ ಎರಡು ಲಾಳ. ಎಳೆಯುವ ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯಲು 1965ರಲ್ಲಿ ಮಾಡಿದ ಕೇಂದ್ರದ ನಿಯಮಗಳ ಪ್ರಕಾರ ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ ಐದು ಗಂಟೆಗಿಂತ ಹೆಚ್ಚು ಎಳೆಸುವಂತಿಲ್ಲ. ಬಿಸಿಲು 37 ಡಿಗ್ರಿ ಮೀರುವ ಕಡೆ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಕಟ್ಟುವಂತಿಲ್ಲ. ಗಾಡಿ ಹೊಡೆಯುವವನನ್ನೂ ಆರು ವರ್ಷದೊಳಗಿನ ಮಕ್ಕಳನ್ನೂ ಬಿಟ್ಟು ನಾಲ್ವರಿಗಿಂತ ಹೆಚ್ಚು ಜನ ಕೂರುವಂತಿಲ್ಲ. ಕಮಾನಿನೊಳಗೆ ಎಷ್ಟು ಜನ ಹಿಡಿಯುತ್ತಾರೆ ಎಂದು ಯೋಚಿಸುವ ಮೊದಲು ಈ ಕೊನೆಯ ಮಾತನ್ನು ಗಮನಿಸಬೇಕು.

ಗಂಟೆಗೆ ಮೂರು ನಾಲ್ಕು ಕಿಲೋಮೀಟರು ನಡೆಯುವ ಗಾಡಿ ಇಂದಿನ ಹೆದ್ದಾರಿಯಲ್ಲಿ ಅಪಾಯಕ್ಕೆ ಒಡ್ಡಿಕೊಂಡಂತೆ. 1735ರಲ್ಲಿ ಕಟ್ಟಿದ ಕಪಿಲಾ ನದಿಯ ಹಳೆಯ ಸೇತುವೆಯ ಮೇಲೆ ಗಾಡಿಗಳು ಸಾಲಾಗಿ ನಂಜನಗೂಡಿಗೆ ಹೋಗುತ್ತಿದ್ದ ಕಾಲದ ನಡೆಯನ್ನು ಈಗಿನ ಲಾರಿ ಬಸ್ಸುಗಳ ನಡುವೆ ನಿರೀಕ್ಷಿಸಲಾಗದು. ನಾಲೆಯ ಏರಿ, ಹಳ್ಳಿಯಿಂದ ಹಳ್ಳಿಗೆ ಹೋಗುವ ಒಳರಸ್ತೆ, ಹೊಲದ ಗಾಡಿಜಾಡು, ಇವುಗಳನ್ನು ಹಿಡಿದು ಬೆಳಗಿನ ಹೊತ್ತು ಸಾಗಬೇಕು. ಇರುಳಿನಲ್ಲಿ ಗಾಡಿಯ ಅಡಿಗೆ ಲಾಟೀನು ಕಟ್ಟುವ ರೂಢಿಯನ್ನು ಬ್ಯಾಟರಿ ದೀಪದಿಂದ ಮುಂದುವರಿಸಿ, ಗಾಡಿಯ ಬೆನ್ನಿಗೆ, ಗಾಲಿಗಳ ಹೊರಮೈಗೆ, ನೊಗದ ತುದಿಗಳಿಗೆ ಬೆಳಕು ಬಿದ್ದೊಡನೆ ಹೊಳೆಯುವ ಕೆಂಪು ಪಟ್ಟಿ ಅಂಟಿಸಿದರೆ ಹಿಂದಿನಿಂದ ಬರುವ ವಾಹನಕ್ಕೆ ದೂರದಿಂದಲೇ ಕಾಣುತ್ತದೆ. ಇದಕ್ಕಾಗುವ ಖರ್ಚು ಬಹಳ ಕಡಿಮೆ.

ಮೊದಲ ಪಯಣ ಒಂದು ಹರದಾರಿಗಿಂತ ದೂರದ್ದಾಗಬಾರದು. ಹಿಂದಿರುಗಿದ ಮೇಲೆ ಗಾಲಿಗಳನ್ನು ಎತ್ತಿ ತಿರುಗಿಸಿ, ಆರೆಕಾಲುಗಳನ್ನು ಮತ್ತೆ ತಟ್ಟಿ ನೋಡಿ, ಬುಷ್ ಬಿಸಿಯಾಗಿದೆಯೇ ಎಂದು ಕೈಯಿಟ್ಟು ಪರೀಕ್ಷಿಸಿ, ಎತ್ತುಗಳ ಹೆಗಲಿನ ರೋಮ ಸವೆದಿದೆಯೇ ಎಂದು ನೋಡಬೇಕು. ಒಂದು ಕಡೆ ಮಾತ್ರ ಸವೆದಿದ್ದರೆ ನೊಗ ಓರೆಯಾಗಿದೆ. ಒಂದು ಬೇಸಿಗೆ ಕಳೆದ ಮೇಲೆ ಹೊಸ ಮರ ಕುಗ್ಗಿ ಪಟ್ಟಿಯೂ ಮರವೂ ಕೂಡುವಲ್ಲಿ ಬ್ಲೇಡು ತೂರುವಷ್ಟು ಸಂದು ಕಂಡರೆ ಮತ್ತೊಮ್ಮೆ ಕುಲುಮೆಗೆ ಒಯ್ಯಬೇಕಾಗುತ್ತದೆ, ಆ ಖರ್ಚನ್ನು ಮೊದಲ ಲೆಕ್ಕದಲ್ಲಿಯೇ ಸೇರಿಸಿಟ್ಟಿರಬೇಕು. ಓಡಿಸದ ತಿಂಗಳುಗಳಲ್ಲಿ ಗಾಡಿಯನ್ನು ಸೂರಿನಡಿ ನಿಲ್ಲಿಸಿ, ಅಚ್ಚಿಗೆ ಎರಡೂ ಕಡೆ ಕಲ್ಲುಗಂಬದ ಊರೆ ಕೊಟ್ಟು ಗಾಲಿ ನೆಲಕ್ಕೆ ತಾಗದಂತೆ ಮಾಡಿ, ಹದಿನೈದು ದಿನಕ್ಕೊಮ್ಮೆ ಗಾಲಿಯನ್ನು ಕಾಲು ಸುತ್ತು ತಿರುಗಿಸಿಟ್ಟರೆ ಭಾರವೂ ತೇವವೂ ಒಂದೇ ಆರೆಕಾಲಿನ ಮೇಲೆ ಬೀಳುವುದಿಲ್ಲ.